ಸಹಾಯಕರನ್ನು ಕೊಟ್ಟ ಮೇಲೂ ಉಳಿಯುವ ಕೆಲಸ: ಕಚೇರಿ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಇವರಿಗೆ,
ಕಣ್ಣು ಕಾಣದ ಅಥವಾ ಮಂದದೃಷ್ಟಿಯ ನೌಕರರಿರುವ ಎಲ್ಲ ಕಚೇರಿಗಳ ಮುಖ್ಯಸ್ಥರಿಗೆ ಮತ್ತು ಸಿಬ್ಬಂದಿ ವಿಭಾಗದವರಿಗೆ

ವಿಷಯ: ಸಹಾಯಕರಿಂದ ಯಾವ ಕೆಲಸ ಮಾಡಿಸಬೇಕು, ಯಾವುದನ್ನು ಮಾಡಿಸಬಾರದು ಎಂಬ ಬಗ್ಗೆ

ಮಾನ್ಯರೇ,

ನಾವು ದೃಷ್ಟಿದೋಷವಿರುವ ಸಹೋದ್ಯೋಗಿಗಳ ಜೊತೆ ಕೆಲಸ ಮಾಡುವ ಸಹಾಯಕರು. ಇಂಥ ನೌಕರರಿಗೆ ಸಹಾಯಕರನ್ನು ನೇಮಿಸುವ ಆದೇಶಗಳಲ್ಲಿ ಕೆಲಸದ ವಿವರ ಸಾಮಾನ್ಯವಾಗಿ ಒಂದೇ ಸಾಲು: 'ದೈನಂದಿನ ಕರ್ತವ್ಯಗಳಲ್ಲಿ ನೆರವಾಗುವುದು'. ಈ ಸಾಲಿನೊಳಗೆ ಏನು ಬೇಕಾದರೂ ಹಿಡಿಸುತ್ತದೆ. ಓದಿ ಹೇಳುವುದು, ಸಭೆಗೆ ಜೊತೆಯಲ್ಲಿ ಹೋಗುವುದು, ಫೈಲ್ ಹುಡುಕುವುದು, ಕೊನೆಗೆ ಅವರ ಕೆಲಸವನ್ನು ಅವರ ಬದಲು ನಾವೇ ಮಾಡಿ ಮುಗಿಸುವುದೂ ಕೂಡ. ಎಡವಟ್ಟು ಶುರುವಾಗುವುದು ಈ ಕೊನೆಯದರಿಂದ.

ನಾವು ಹೇಳಬೇಕಾದದ್ದು ಇಷ್ಟೇ. ಸಹಾಯಕರು ಕೊಡಬೇಕಾದದ್ದು ಕಣ್ಣು, ತಲೆ ಅಲ್ಲ. ಕಣ್ಣಿನ ಕೆಲಸದಲ್ಲೂ ಯಂತ್ರ ಮಾಡಬಲ್ಲದ್ದನ್ನು ಯಂತ್ರಕ್ಕೆ ಬಿಟ್ಟು, ಅದರ ಕೈಲಾಗದ್ದನ್ನು ಮಾತ್ರ ನಮಗೆ ಕೊಡಬೇಕು. ಬಹಳ ಕಡೆ ಎರಡೂ ತಲೆಕೆಳಗಾಗಿವೆ. ಯಂತ್ರ ಓದಬಹುದಾಗಿದ್ದ ಕಾಗದಗಳನ್ನು ನಾವು ದಿನವಿಡೀ ಓದುತ್ತೇವೆ. ಸಹೋದ್ಯೋಗಿ ತೀರ್ಮಾನಿಸಬೇಕಾದದ್ದನ್ನು ನೀವು ನಮ್ಮನ್ನು ಕೇಳುತ್ತೀರಿ.

ಮೊದಲು ಯಂತ್ರದ ವಿಷಯ. ಸ್ಕ್ರೀನ್ ರೀಡರ್ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ. ಬ್ರೈಲ್ ಡಿಸ್‌ಪ್ಲೇ ಜೋಡಿಸಿದ್ದರೆ ಅದೇ ಸಾಲನ್ನು ಬೆರಳಿಗೂ ಮುಟ್ಟಿಸುತ್ತದೆ. ವಿಂಡೋಸ್‌ನಲ್ಲಿ ಜಾಸ್ ಮತ್ತು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ಗಳು ಹೆಚ್ಚು ಬಳಕೆಯಲ್ಲಿವೆ. 2006ರಲ್ಲಿ ಶುರುವಾದ ಎನ್‌ವಿಡಿಎ ಉಚಿತ, ಹಾಗಾಗಿ 'ಬಜೆಟ್ ಇಲ್ಲ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಐಫೋನ್‌ನಲ್ಲಿ ವಾಯ್ಸ್‌ಓವರ್, ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಟಾಕ್‌ಬ್ಯಾಕ್ ಫೋನಿನ ಜೊತೆಗೇ ಬರುತ್ತವೆ. ಪಳಗಿದವರು ಸ್ಕ್ರೀನ್ ರೀಡರ್‌ನ ಮಾತನ್ನು ಮಾಮೂಲಿ ವೇಗದ ಎರಡು ಮೂರು ಪಟ್ಟು ಏರಿಸಿಕೊಂಡು ಕೇಳುತ್ತಾರೆ. ಪಕ್ಕದಲ್ಲಿ ಕೂತವರ ಕಿವಿಗೆ ಅದು ಬರೀ ಜೀರುಂಡೆ ಸದ್ದು. ಕೇಳುವವರಿಗೆ ಒಂದಕ್ಷರವೂ ತಪ್ಪುವುದಿಲ್ಲ. ವೆಬ್ ಪುಟದಲ್ಲಿ ಎಚ್ ಕೀ ಒತ್ತಿದರೆ ಮುಂದಿನ ತಲೆಬರಹಕ್ಕೆ, ಟಿ ಒತ್ತಿದರೆ ಮುಂದಿನ ಕೋಷ್ಟಕಕ್ಕೆ ಜಿಗಿಯುತ್ತಾರೆ. ಬೇಡವಾದದ್ದನ್ನು ದಾಟುತ್ತಾರೆ, ಅನುಮಾನ ಬಂದರೆ ಒಂದೊಂದೇ ಅಕ್ಷರ ಓದಿಸಿಕೊಳ್ಳುತ್ತಾರೆ.

ಮನುಷ್ಯರ ದನಿಗೆ ಈ ಓಟ ಸಾಧ್ಯವಿಲ್ಲ. ಎ4 ಅಳತೆಯ ಒಂದು ಪುಟವನ್ನು ಗಟ್ಟಿಯಾಗಿ ಓದಲು ಮೂರು ನಿಮಿಷ ಎಂದಿಟ್ಟುಕೊಂಡರೂ 40 ಪುಟದ ವರದಿಗೆ ಎರಡು ಗಂಟೆ. ಆ ಎರಡು ಗಂಟೆ ಇಬ್ಬರದೂ ಹೋಯಿತು. ಅದೇ ವರದಿಯನ್ನು ಸರಿಯಾಗಿ ರೂಪಿಸಿದ ವರ್ಡ್ ಫೈಲಾಗಿ ಕಳಿಸಿದ್ದರೆ ಅವರು ಒಬ್ಬರೇ, ಅರ್ಧಕ್ಕಿಂತ ಕಡಿಮೆ ಸಮಯದಲ್ಲಿ, ತಮಗೆ ಬೇಕಾದ ಭಾಗಕ್ಕೆ ನೇರವಾಗಿ ಹೋಗಿ ಓದಿ ಮುಗಿಸುತ್ತಿದ್ದರು. ನಮ್ಮ ಹೆಚ್ಚಿನ ಹೊತ್ತು ಹೋಗುತ್ತಿರುವುದು ಸಹೋದ್ಯೋಗಿಯ ಕಣ್ಣಿನ ತೊಂದರೆಗಲ್ಲ, ನಿಮ್ಮ ಫೈಲುಗಳ ತೊಂದರೆಗೆ.

ಆ ತೊಂದರೆಗಳು ಯಾವುವು ಎಂದು ಬಿಡಿಸಿಯೇ ಹೇಳುತ್ತೇವೆ. ಮುದ್ರಿಸಿ, ಸಹಿ ಮಾಡಿ, ಸ್ಕ್ಯಾನ್ ಮಾಡಿ ಕಳಿಸುವ ಪಿಡಿಎಫ್ ಎಲ್ಲಕ್ಕಿಂತ ದೊಡ್ಡ ಕಂಟಕ. ನೋಡುವವರಿಗೆ ಅದು ಪತ್ರ. ಸ್ಕ್ರೀನ್ ರೀಡರ್‌ಗೆ ಒಂದು ಫೋಟೋ, ಅದರಲ್ಲಿ ಅಕ್ಷರಗಳೇ ಇಲ್ಲ, 'ಖಾಲಿ' ಎಂದು ಹೇಳಿ ಸುಮ್ಮನಾಗುತ್ತದೆ. ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶದಿಂದ ಅಕ್ಷರ ಹೊರತೆಗೆಯಬಹುದು. ಆದರೆ ಅದು ಸ್ಕ್ಯಾನಿನ ಗುಣಮಟ್ಟಕ್ಕೆ ತಕ್ಕಂತೆ: ಇಂಚಿಗೆ 300 ಚುಕ್ಕೆ (300 ಡಿಪಿಐ) ಇದ್ದು ಕಾಗದ ನೆಟ್ಟಗೆ ಕೂತಿದ್ದರೆ ಸಾಕಷ್ಟು ಚೆನ್ನಾಗಿ ಬರುತ್ತದೆ, ಓರೆಯಾಗಿ ಮೊಬೈಲಿನಲ್ಲಿ ಹಿಡಿದ, ಅಕ್ಷರದ ಮೇಲೆಯೇ ಮೊಹರು ಬಿದ್ದ ಪುಟದಲ್ಲಿ ಬರುವುದಿಲ್ಲ. ಬಂದರೂ ಅಂಕಿಗಳ ಮೇಲೆ ನಂಬಿಕೆ ಇಡುವಂತಿಲ್ಲ. 5 ಮತ್ತು 6, 3 ಮತ್ತು 8, 1 ಮತ್ತು 7 ಅದಲುಬದಲಾಗುತ್ತವೆ. ದಶಮಾಂಶದ ಚುಕ್ಕೆ ಮಾಯವಾದರಂತೂ ಮೊತ್ತ ನೂರು ಪಟ್ಟು ಬೆಳೆಯುತ್ತದೆ. ಸಹಿ ಮಾಡಿದ ಪ್ರತಿಯನ್ನು ದಾಖಲೆಗೆ ಬೇಕಾದರೆ ಇಟ್ಟುಕೊಳ್ಳಿ. ಜೊತೆಗೆ ಅದನ್ನು ಟೈಪ್ ಮಾಡಿದ ಮೂಲ ಫೈಲನ್ನೂ ಕಳಿಸಿ. ಫೈಲು ಹೇಗೂ ಯಾರದೋ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ.

ಕನ್ನಡದ ಫೈಲುಗಳಿಗೆ ಇನ್ನೊಂದು ಕಾಟವಿದೆ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನೇ. ಯೂನಿಕೋಡಿನಲ್ಲೂ ಒಂದು ಸೂಕ್ಷ್ಮ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತುವ ಅಭ್ಯಾಸ ಕೆಲವರಿಗಿದೆ. 'ಸಂಬಳ' ಮತ್ತು 'ಸ೦ಬಳ' ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಅಂಕಿ. ನಿಮ್ಮ ಕಣ್ಣಿಗೆ ವ್ಯತ್ಯಾಸ ಸಿಕ್ಕುವುದು ಕಷ್ಟ. ಯಂತ್ರಕ್ಕೆ ಎರಡನೆಯದು ನಡುವೆ ಸೊನ್ನೆ ಸಿಕ್ಕಿಹಾಕಿಕೊಂಡ ಮುರುಕು ಪದ. ಹುಡುಕು ಎಂದು ಕೊಟ್ಟರೂ ಸಿಗುವುದಿಲ್ಲ. ಇಂಥದ್ದನ್ನು ಬದಲಿಸು ಎಂಬ ಆಜ್ಞೆಯಿಂದ ಒಂದೇ ಸಲಕ್ಕೆ ಸರಿಮಾಡಬಹುದು. ಅಂಕಿಯಾಗಿಯೇ ಬಳಸಿದ ಸೊನ್ನೆಗಳೂ ಜೊತೆಗೆ ಬದಲಾಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ವರ್ಡ್‌ನಲ್ಲಿ ತಲೆಬರಹಕ್ಕೆ ಬರೀ ದಪ್ಪಕ್ಷರ ಕೊಟ್ಟರೆ ಸಾಲದು, ಹೆಡಿಂಗ್ ಸ್ಟೈಲ್ ಹಾಕಬೇಕು. ಇಲ್ಲದಿದ್ದರೆ ಜಿಗಿಯಲು ಮೆಟ್ಟಿಲೇ ಇರುವುದಿಲ್ಲ. ಸ್ಪೇಸ್ ಒತ್ತಿ ಒತ್ತಿ ಮಾಡಿದ ಕಾಲಂಗಳು ಕೇಳುವಾಗ ಅಡ್ಡಸಾಲಿನಲ್ಲಿ ಬೆರೆತುಹೋಗುತ್ತವೆ, ಯಾರ ಹೆಸರಿಗೆ ಯಾವ ಮೊತ್ತ ಎಂದು ಗೊತ್ತಾಗುವುದಿಲ್ಲ. ತೇಲುವ ಟೆಕ್ಸ್ಟ್ ಬಾಕ್ಸಿನೊಳಗೆ ಬರೆದ ಮುಖ್ಯ ಸೂಚನೆಯನ್ನು ಸ್ಕ್ರೀನ್ ರೀಡರ್ ದಾಟಿ ಹೋಗಬಹುದು. ಚಿತ್ರ ಹಾಕಿದರೆ, ಅದರ ಬದಲು ಓದಿಸುವ ವಿವರಣೆಯಾದ ಆಲ್ಟ್ ಟೆಕ್ಸ್ಟ್‌ನಲ್ಲಿ ಅದೇನು ಹೇಳುತ್ತದೆ ಎಂದು ಒಂದೆರಡು ವಾಕ್ಯ ಬರೆಯಿರಿ. 'ಗ್ರಾಫ್' ಎಂದು ಬರೆದರೆ ಪ್ರಯೋಜನವಿಲ್ಲ, 'ಮೊದಲ ಆರು ತಿಂಗಳು ಏರಿ ನಂತರ ಇಳಿದಿದೆ' ಎಂದರೆ ಉಂಟು.

ಎಕ್ಸೆಲ್ ಅವರಿಗೆ ಒಳ್ಳೆಯ ಗೆಳೆಯ, ನೀವು ಸೆಲ್‌ಗಳನ್ನು ಮರ್ಜ್ ಮಾಡದಿದ್ದರೆ. ಮೇಲೆ ಮೂರು ಸಾಲು ಅಲಂಕಾರದ ಶೀರ್ಷಿಕೆ, ಕೆಳಗೆ ಎರಡಂತಸ್ತಿನ ಕಾಲಂ ಹೆಸರು, ನಡುನಡುವೆ ಖಾಲಿ ಸಾಲು. ಇಂಥ ಹಾಳೆಯಲ್ಲಿ ತಾನಿರುವ ಅಂಕಿ ಯಾವ ಕಾಲಂನದು ಎಂದು ತಿಳಿಯಲು ಪ್ರತಿ ಸಲವೂ ಮೇಲೆ ಹೋಗಿ ಬರಬೇಕು. ದತ್ತಾಂಶ ಮೊದಲ ಸೆಲ್ ಆದ ಎ1ರಿಂದ ಶುರುವಾಗಲಿ, ಕಾಲಂ ಹೆಸರು ಒಂದೇ ಸಾಲಿನಲ್ಲಿರಲಿ. ಬಾಕಿ ಉಳಿದದ್ದಕ್ಕೆ ಕೆಂಪು, ಮುಗಿದದ್ದಕ್ಕೆ ಹಸಿರು ಬಳಿಯುವುದು ಬೇಡವೆನ್ನುವುದಿಲ್ಲ. ಆದರೆ ಸ್ಕ್ರೀನ್ ರೀಡರ್ ತಾನಾಗಿ ಬಣ್ಣ ಹೇಳುವುದಿಲ್ಲ, ಪಕ್ಕದ ಕಾಲಂನಲ್ಲಿ 'ಬಾಕಿ' ಎಂಬ ಪದವೂ ಇರಲಿ.

ಇಷ್ಟು ಸರಿಹೋದರೆ ನಮಗೆ ಉಳಿಯುವ ಕೆಲಸವೇ ನಿಜವಾದ ಸಹಾಯಕರ ಕೆಲಸ: ಕೈಬರಹ, ಮೊಹರು, ನಕ್ಷೆ, ಫೋಟೋ, ಹೆಸರಿಲ್ಲದ ಬಟನ್‌ಗಳಿರುವ ತಂತ್ರಾಂಶ, ಅಕ್ಷರಗಳನ್ನು ಸೊಟ್ಟಗೆ ತೋರಿಸುವ ಕ್ಯಾಪ್ಚಾ, ಹೊಸ ಕಟ್ಟಡ, ತುಂಬಿದ ಸಭಾಂಗಣ.

ಓದಿ ಹೇಳುವುದೂ ಒಂದು ಕಸುಬು, ಅಕ್ಷರ ಬಲ್ಲವರೆಲ್ಲರಿಗೂ ಬರುವುದಿಲ್ಲ. ಕಾಗದ ಕೈಗೆ ಬಂದ ತಕ್ಷಣ ಮೊದಲ ಸಾಲಿನಿಂದ ಶುರುಮಾಡುವುದು ತಪ್ಪು. ಯಾರಿಂದ ಬಂದದ್ದು, ಯಾವ ದಿನಾಂಕ, ಎಷ್ಟು ಪುಟ, ಒಳಗೆ ಯಾವ ಯಾವ ಉಪಶೀರ್ಷಿಕೆಗಳಿವೆ ಎಂದು ಮೊದಲು ಹೇಳಬೇಕು. ಕಣ್ಣಿರುವವರು ಪುಟ ತಿರುವಿದಾಗ ಅರೆಕ್ಷಣದಲ್ಲಿ ಪಡೆಯುವ ಅಂದಾಜು ಅದು. ಎಲ್ಲಿಂದ ಓದಬೇಕು, ಪೂರ್ತಿಯೋ ಸಾರಾಂಶವೋ ಎಂದು ಅವರೇ ಹೇಳುತ್ತಾರೆ. ಪೂರ್ತಿ ಎಂದ ಮೇಲೆ ಪೂರ್ತಿ. 'ಇದೇನು ಮುಖ್ಯವಲ್ಲ' ಎಂದು ಒಂದು ಪ್ಯಾರಾ ಹಾರಿಸುವ ಹಕ್ಕು ನಮಗಿಲ್ಲ. ಕಾಗುಣಿತದ ತಪ್ಪಿದ್ದರೆ ತಪ್ಪಿದೆ ಎಂದೇ ಹೇಳಬೇಕು. ಕೋಷ್ಟಕವಾದರೆ ಎಷ್ಟು ಸಾಲು, ಎಷ್ಟು ಕಾಲಂ, ಕಾಲಂಗಳ ಹೆಸರೇನು ಎಂದು ಮೊದಲು ಹೇಳಿ, ಆಮೇಲೆ ಅಂಕಿಗೆ ಬರಬೇಕು. ಖಾತೆ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ, ಮೊತ್ತವನ್ನು ಲಕ್ಷ ಸಾವಿರದ ಲೆಕ್ಕದಲ್ಲಿ ಓದಬೇಕು. ಅಡಿಟಿಪ್ಪಣಿಗೆ ಹೋಗುವ ಮುನ್ನ 'ಅಡಿಟಿಪ್ಪಣಿ', ಮುಗಿದಾಗ 'ಮುಗಿಯಿತು' ಎನ್ನದಿದ್ದರೆ ಅದು ಮೂಲದ ವಾಕ್ಯದೊಳಗೇ ಸೇರಿಹೋಗುತ್ತದೆ. ದನಿಯಲ್ಲಿ ಅಭಿಪ್ರಾಯ ಬೆರೆಸಬಾರದು. ಅರ್ಜಿಯೊಂದನ್ನು ಬೇಸರದಿಂದ ಓದಿದರೆ ಅರ್ಜಿದಾರರ ಮೇಲೆ ಬೇಸರ ಹುಟ್ಟಿಸಿದಂತೆಯೇ.

ಇನ್ನೊಂದು ಸಣ್ಣ ವಿಷಯ, ದಿನಕ್ಕೆ ಹತ್ತು ಸಲ ತಪ್ಪುವುದು ಇಲ್ಲೇ. ಸ್ಕ್ರೀನ್ ರೀಡರ್ ಮಾತಾಡುತ್ತಿರುವಾಗ ನಾವೂ ಮಾತಾಡಿದರೆ ಎರಡೂ ಕೇಳಿಸುವುದಿಲ್ಲ. ಕಿವಿಗೆ ಎರಡು ಸಾಲನ್ನು ಒಟ್ಟಿಗೆ ಓದುವ ಶಕ್ತಿ ಇಲ್ಲ. ಹೆಸರು ಹಿಡಿದು ಕರೆಯಬೇಕು, ಅವರು ಕಂಟ್ರೋಲ್ ಕೀ ಒತ್ತಿ ಅದರ ಬಾಯಿ ಮುಚ್ಚಿಸುವವರೆಗೆ ಕಾಯಬೇಕು, ಆಮೇಲೆ ಹೇಳಬೇಕು. ನೀವೂ ಅವರ ಮೇಜಿನ ಬಳಿ ಬಂದಾಗ ಹೀಗೇ ಮಾಡಿ, ಜೊತೆಗೆ ನೀವು ಯಾರೆಂದು ಹೇಳಿ. 'ನಾನು ಯಾರು ಹೇಳಿ ನೋಡೋಣ' ಎಂಬ ಆಟ ಯಾರಿಗೂ ಖುಷಿ ಕೊಡುವುದಿಲ್ಲ.

ಸಹಿಯ ವಿಷಯದಲ್ಲಿ ಸಡಿಲ ಬಿಡಬಾರದು. ಸಹಿಗೆ ಮುಂಚೆ ದಾಖಲೆಯನ್ನು ಪೂರ್ತಿ ಓದಬೇಕು. ಮೊತ್ತವನ್ನು ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ ಎರಡೂ ಕಡೆ ಓದಿ ತಾಳೆ ನೋಡಬೇಕು. ಖಾಲಿ ಬಿಟ್ಟ ಜಾಗ ಎಲ್ಲೆಲ್ಲಿದೆ ಎಂದು ತಿಳಿಸಿ, ಅವರು ಹೇಳಿದರೆ ಅಡ್ಡಗೆರೆ ಎಳೆಯಬೇಕು. ಸಹಿಯ ಜಾಗ ತೋರಿಸಲು ಗಟ್ಟಿ ರಟ್ಟಿನಲ್ಲಿ ಸುಮಾರು ಎಂಟು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲದ ಕಿಂಡಿ ಕತ್ತರಿಸಿ ಇಟ್ಟುಕೊಂಡರೆ ಸಾಕು. ಕಿಂಡಿಯ ಕೆಳಅಂಚು ಗೆರೆಯ ಮೇಲೆ ಕೂರಬೇಕು, ಅವರ ಎಡಗೈ ಬೆರಳು ಕಿಂಡಿಯ ಎಡತುದಿ ಹಿಡಿದಿರಬೇಕು. ಅವರ ಕೈ ಹಿಡಿದು ಬರೆಸುವುದು ಬೇಡವೇ ಬೇಡ. ಹಾಗೆ ಮೂಡಿದ ಸಹಿ ಅವರ ಮಾಮೂಲಿ ಸಹಿಗೆ ಹೊಂದುವುದಿಲ್ಲ, ನಾಳೆ ಅದು ಯಾರ ಸಹಿ ಎಂಬ ಪ್ರಶ್ನೆ ಏಳುತ್ತದೆ.

ಲಾಗಿನ್‌ಗೂ ಇದೇ ಮಾತು. ಸಹೋದ್ಯೋಗಿಯ ಪಾಸ್‌ವರ್ಡ್ ಸಹಾಯಕರ ಬಳಿ ಇರುವ ಕಚೇರಿಗಳು ಬಹಳ ಇವೆ, ಅದನ್ನು ಅನುಕೂಲ ಎಂದು ತಿಳಿದವರೂ ಇದ್ದಾರೆ. ಯಾರು ಯಾವಾಗ ಏನು ಒತ್ತಿದರು ಎಂದು ದಾಖಲಿಸುವ ತಂತ್ರಾಂಶದಲ್ಲಿ ನಾವು ಒತ್ತಿದ 'ಅನುಮೋದಿಸಿ' ಅವರ ಹೆಸರಿನಲ್ಲಿ ಕೂರುತ್ತದೆ. ತಪ್ಪಾದರೆ ಇಬ್ಬರಿಗೂ ಉಳಿಗಾಲವಿಲ್ಲ. ತಂತ್ರಾಂಶ ಕೀಬೋರ್ಡಿನಿಂದ ನಡೆಯುವುದಿಲ್ಲ, ಬಟನ್‌ಗಳಿಗೆ ಹೆಸರಿಲ್ಲ ಎಂಬುದು ಕಾರಣವಾಗಿದ್ದರೆ ಅದನ್ನು ಮಾಡಿಕೊಟ್ಟವರಿಂದ ಸರಿಮಾಡಿಸಿ. ವೆಬ್ ಪುಟಗಳು ಹೇಗಿರಬೇಕೆಂದು ಹೇಳುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯ 2.0 ಆವೃತ್ತಿ 2008ರಲ್ಲೇ ಬಂದಿದೆ, 2.2 ಆವೃತ್ತಿ 2023ರಲ್ಲಿ. ಹೊಸ ತಂತ್ರಾಂಶ ಕೊಳ್ಳುವ ಒಪ್ಪಂದದಲ್ಲಿ ಅದರ ಹೆಸರು ಸೇರಿಸಿ. ಸರಿಹೋಗುವವರೆಗೆ ಸಹಾಯಕರಿಗೆ ಪ್ರತ್ಯೇಕ ಲಾಗಿನ್ ಕೊಟ್ಟು, ಭರ್ತಿ ಮಾಡುವ ಅಧಿಕಾರ ಮಾತ್ರ ಇಟ್ಟು, ಅನುಮೋದನೆ ಸಹೋದ್ಯೋಗಿಯ ಕೈಯಲ್ಲೇ ಉಳಿಸಿ. ಒಟಿಪಿ ಅವರ ಫೋನಿಗೇ ಬರಲಿ, ಅದನ್ನು ಓದಿ ಹೇಳಲು ಫೋನಿಗೆ ಬರುತ್ತದೆ. ಕೆಲವು ಪುಟಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆ ಗಡುವನ್ನು ವಿಸ್ತರಿಸುವುದು ನಿಮ್ಮ ಐಟಿ ವಿಭಾಗಕ್ಕೆ ದೊಡ್ಡ ಕೆಲಸವೇನಲ್ಲ.

ಇನ್ನು ಸಭೆ. ಸ್ಲೈಡುಗಳನ್ನು ಹಿಂದಿನ ದಿನವೇ ಕಳಿಸಿ. ಆನ್‌ಲೈನ್ ಸಭೆಯಲ್ಲಿ ನೀವು ಹಂಚಿಕೊಳ್ಳುವ ಪರದೆ ಆ ಕಡೆಯವರಿಗೆ ವಿಡಿಯೋ ಆಗಿ ಹೋಗುತ್ತದೆ, ಅದರಲ್ಲಿ ಸ್ಕ್ರೀನ್ ರೀಡರ್‌ಗೆ ಓದಲು ಅಕ್ಷರವಿಲ್ಲ. 'ಇಲ್ಲಿ ನೋಡಿ, ಇದು ಇಷ್ಟಿತ್ತು, ಈಗ ಇಷ್ಟಾಗಿದೆ' ಎಂದರೆ ಕಣ್ಣು ಕಾಣದವರಿಗೆ ಮಾತ್ರವಲ್ಲ, ಫೋನಿನಲ್ಲಿ ಕೇಳುತ್ತಿರುವವರಿಗೂ ಏನೂ ತಿಳಿಯುವುದಿಲ್ಲ. ಅಂಕಿಯನ್ನು ಬಾಯಲ್ಲಿ ಹೇಳಿ. ಚಾಟ್‌ನಲ್ಲಿ ಬರುವ ಪ್ರತಿ 'ಧನ್ಯವಾದ'ವನ್ನೂ ಸ್ಕ್ರೀನ್ ರೀಡರ್ ಭಾಷಣದ ಮೇಲೆಯೇ ಓದುತ್ತಿರುತ್ತದೆ, ಅಗತ್ಯವಿಲ್ಲದ್ದನ್ನು ಚಾಟ್‌ಗೆ ಹಾಕಬೇಡಿ. ಕೈ ಎತ್ತಿಸಿ ಮತ ಎಣಿಸಿದರೆ ಎಣಿಕೆಯನ್ನು ಗಟ್ಟಿಯಾಗಿ ಹೇಳಿ.

ಕೋಣೆಯಲ್ಲಿ ನಡೆಯುವ ಸಭೆಯಲ್ಲಿ ಸಹಾಯಕರು ಅವರ ಪಕ್ಕದಲ್ಲಿ, ಒಂದಿಷ್ಟು ಹಿಂದೆ ಸರಿದು ಕೂರಬೇಕು. ಶುರುವಾಗುವ ಮುನ್ನ ಯಾರು ಯಾರು ಬಂದಿದ್ದಾರೆ, ಯಾರು ಎಲ್ಲಿದ್ದಾರೆ ಎಂದು ಗಡಿಯಾರದ ಲೆಕ್ಕದಲ್ಲಿ ಹೇಳಬೇಕು: ಅಧ್ಯಕ್ಷರು ಹನ್ನೆರಡು ಗಂಟೆಗೆ, ಲೆಕ್ಕ ವಿಭಾಗದವರು ಮೂರು ಗಂಟೆಗೆ. ಯಾರೋ ಮಾತಾಡುತ್ತಿರುವಾಗ ಕಿವಿಯಲ್ಲಿ ಪಿಸುಗುಟ್ಟಬಾರದು, ವಿರಾಮ ಸಿಕ್ಕಾಗ ಎರಡೇ ಪದ: 'ತಲೆಯಾಡಿಸಿದರು', 'ಎದ್ದು ಹೋದರು'. ಆದರೆ ನಮ್ಮ ಕೈಯಲ್ಲಿಲ್ಲದ ಒಂದು ತೊಂದರೆ ಇದೆ. ಪ್ರಶ್ನೆ ಸಹೋದ್ಯೋಗಿಗೆ, ಕೇಳುವವರು ನೋಡುವುದು ನಮ್ಮ ಮುಖ. 'ಅವರಿಗೆ ಈ ದಿನಾಂಕ ಆಗುತ್ತದಾ?' ಎಂದು ಅವರ ಎದುರಿಗೇ ನಮ್ಮನ್ನು ಕೇಳುತ್ತಾರೆ. ಇದಕ್ಕೆ ನಾವು ಕಂಡುಕೊಂಡಿರುವ ಉಪಾಯ ನೋಟ ತಗ್ಗಿಸಿ ನೋಟ್‌ಬುಕ್ ನೋಡುವುದು. ನಮ್ಮ ಕಣ್ಣು ಸಿಗದಿದ್ದಾಗ ಕೇಳಿದವರು ಬೇರೆ ದಾರಿಯಿಲ್ಲದೆ ಅವರತ್ತ ತಿರುಗುತ್ತಾರೆ. ಬಹಳ ಸಲ ಫಲಿಸುತ್ತದೆ. ಫಲಿಸದಿದ್ದಾಗ ಸಭೆ ನಡೆಸುವವರು 'ಅವರನ್ನೇ ಕೇಳಿ' ಎಂದು ಹೇಳಬೇಕು. ಅದು ನಮ್ಮ ಬಾಯಿಂದ ಬಂದರೆ ಉದ್ಧಟತನವಾಗುತ್ತದೆ.

ನಡೆಸಿಕೊಂಡು ಹೋಗುವುದರಲ್ಲಿ ಎಲ್ಲರೂ ಮಾಡುವ ತಪ್ಪು ಅವರ ರಟ್ಟೆ ಹಿಡಿದು ಮುಂದಕ್ಕೆ ತಳ್ಳುವುದು. ಅವರು ನಮ್ಮನ್ನು ಹಿಡಿಯಬೇಕು, ನಾವು ಅವರನ್ನಲ್ಲ. ನಮ್ಮ ಕೈಯ ಹಿಂಬದಿಯನ್ನು ಅವರ ಕೈಗೆ ತಾಕಿಸಿದರೆ ಅವರು ನಮ್ಮ ಮೊಣಕೈಯ ಮೇಲುಗಡೆ ಹಿಡಿಯುತ್ತಾರೆ, ಹೆಬ್ಬೆರಳು ಹೊರಗೆ, ನಾಲ್ಕು ಬೆರಳು ಒಳಗೆ. ಅರ್ಧ ಹೆಜ್ಜೆ ಹಿಂದಿರುತ್ತಾರೆ. ನಾವು ತಿರುಗಿದರೆ, ನಿಂತರೆ, ಮೆಟ್ಟಿಲು ಇಳಿದರೆ ಅದು ಮಾತಿಗಿಂತ ಮೊದಲು ತೋಳಿನ ಮೂಲಕವೇ ಅವರಿಗೆ ಗೊತ್ತಾಗುತ್ತದೆ. ಇಕ್ಕಟ್ಟಾದ ಕಡೆ ಆ ತೋಳನ್ನು ಬೆನ್ನ ಹಿಂದಕ್ಕೆ ಸರಿಸಿದರೆ ಅವರು ನೇರ ಹಿಂದೆ ಬರುತ್ತಾರೆ. ಮೆಟ್ಟಿಲ ಅಂಚಿಗೆ ಎದುರಾಗಿ ನೇರ ನಿಂತು 'ಹತ್ತುವುದು' ಅಥವಾ 'ಇಳಿಯುವುದು' ಎಂದು ಹೇಳಬೇಕು. ಬರೀ 'ಮೆಟ್ಟಿಲು' ಎಂದರೆ ಸಾಲದು. ನಾವು ಒಂದು ಮೆಟ್ಟಿಲು ಮುಂದಿರಬೇಕು, ಕೊನೆಯದು ಬಂದಾಗ ಹೇಳಬೇಕು. ಕೂರಿಸುವಾಗ ಭುಜ ಒತ್ತಬೇಕಿಲ್ಲ, ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ತಾಕಿಸಿದರೆ ಉಳಿದದ್ದು ಅವರಿಗೆ ಗೊತ್ತು. ಬಿಟ್ಟು ಹೋಗುವಾಗ ಹೋಗುತ್ತಿದ್ದೇನೆ ಎಂದು ಹೇಳಿ, ಬಟ್ಟ ಬಯಲಿನಲ್ಲಿ ಅಲ್ಲ, ಗೋಡೆಯೋ ಮೇಜೋ ಕೈಗೆ ಸಿಗುವ ಕಡೆ ಬಿಡಬೇಕು. ಬಿಳಿ ಕೋಲಿಗೆ ಕೈ ಹಾಕಬಾರದು. ಅರ್ಧ ತೆರೆದ ಬಾಗಿಲು, ಹೊರಗೆ ಎಳೆದು ಬಿಟ್ಟ ಡ್ರಾಯರ್, ದಾರಿಗೆ ಚಾಚಿದ ಕುರ್ಚಿ ಇವು ಮೂರೂ ಗಾಯ ಮಾಡುತ್ತವೆ. ಕೋಲು ನೆಲ ತಡವುತ್ತದೆ, ಹಣೆಯ ಎತ್ತರದಲ್ಲಿರುವ ಕಪಾಟಿನ ಬಾಗಿಲು ಅದಕ್ಕೆ ಸಿಗುವುದಿಲ್ಲ.

ಮಂದದೃಷ್ಟಿಯವರ ವಿಷಯ ಬೇರೆಯೇ, ಅಲ್ಲಿ ಅಪನಂಬಿಕೆಯೂ ಸೇರಿಕೊಳ್ಳುತ್ತದೆ. 'ಬೆಳಿಗ್ಗೆ ಫೋನ್ ನೋಡುತ್ತಿದ್ದರು, ಈಗ ಬೋರ್ಡ್ ಕಾಣುವುದಿಲ್ಲ ಅಂತಾರೆ' ಎಂಬ ಮಾತು ಪ್ರತಿ ಕಚೇರಿಯಲ್ಲೂ ಸುತ್ತುತ್ತದೆ. ಎರಡೂ ನಿಜವಿರಬಹುದು. ಕಣ್ಣಿನ ಹಿಂಪರದೆಯ (ರೆಟಿನಾ) ನಡುಭಾಗವಾದ ಮ್ಯಾಕ್ಯುಲಾ ಹಾಳಾದವರಿಗೆ ನೋಟದ ನಡುಭಾಗ ಹೋಗಿರುತ್ತದೆ, ನಡೆಯಬಲ್ಲರು, ಓದಲಾರರು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಕೊಳವೆಯೊಳಗಿಂದ ನೋಡಿದಂತೆ; ಓದಬಲ್ಲರು, ಕಾಲಬುಡದ ಬಕೆಟ್ ಕಾಣದು, ಸಂಜೆಯಾದರೆ ಇನ್ನೂ ಕಷ್ಟ. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಿಗೆ ದಿನದಿಂದ ದಿನಕ್ಕೆ ಏರುಪೇರು. ಇವರಿಗೆ ಬೇಕಾದದ್ದು ಹೆಚ್ಚಾಗಿ ಮನುಷ್ಯರಲ್ಲ, ಒಳ್ಳೆಯ ಬೆಳಕು, 18 ಪಾಯಿಂಟಿಗಿಂತ ದೊಡ್ಡ ಅಕ್ಷರ, ಮಿಂಚದ ಕಾಗದ, ಮೆಟ್ಟಿಲಂಚಿಗೆ ಎದ್ದು ಕಾಣುವ ಪಟ್ಟಿ. ಬೆಳಕು ಕಿಟಕಿಯಿಂದ ಪರದೆಗೂ ಹೊಡೆಯಬಾರದು, ಮುಖಕ್ಕೂ ಹೊಡೆಯಬಾರದು. ಪರದೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡುವವರಿಗೆ ಒಂದು ಸಲಕ್ಕೆ ಕಾಣುವುದು ಪರದೆಯ ಹದಿನಾರನೇ ಒಂದು ಪಾಲು. ಮೂಲೆಯಲ್ಲಿ ಚಿಮ್ಮಿದ ಎಚ್ಚರಿಕೆಯ ಪೆಟ್ಟಿಗೆ ಅವರಿಗೆ ಕಾಣದಿದ್ದರೆ ಅದು ಅಜಾಗರೂಕತೆ ಅಲ್ಲ, ಲೆಕ್ಕ.

ಈಗ ತಲೆಯ ಮಾತಿಗೆ ಬರೋಣ. ಪತ್ರದ ಕರಡು ಅವರದು. ಪುಟದ ಅಂಚು ಓರೆಯಾಗಿದೆಯೇ, ಲೋಗೋ ಅಕ್ಷರದ ಮೇಲೆ ಕೂತಿದೆಯೇ ಎಂದು ನೋಡಿ ಹೇಳುವುದು ನಮ್ಮದು. ಕಡತದ ಮೇಲಿನ ಅಭಿಪ್ರಾಯ ಅವರದು. ಅಂಚಿನಲ್ಲಿ ಹಿಂದಿನವರು ಪೆನ್ಸಿಲಿನಲ್ಲಿ ಏನು ಗೀಚಿದ್ದಾರೆಂದು ಹೇಳುವುದು ನಮ್ಮದು. ವಿಡಿಯೋ ಕರೆಗೆ ಮುಂಚೆ ಮುಖ ಚೌಕಟ್ಟಿನ ನಡುವೆ ಬಂದಿದೆಯೇ ಎಂದು ನೋಡುವುದು, ಅಂಗಿಯ ಮೇಲೆ ಶಾಯಿ ಕಲೆಯಿದ್ದರೆ ಪಕ್ಕಕ್ಕೆ ಕರೆದು ತಿಳಿಸುವುದೂ ನಮ್ಮದೇ. ಅವರು ಹೇಳಿದ್ದನ್ನು ಟೈಪ್ ಮಾಡುವಾಗ ವಾಕ್ಯ ತಪ್ಪೆನಿಸಿದರೆ ಕೇಳಬಹುದು, ಸುಮ್ಮನೆ ತಿದ್ದಬಾರದು. ಗಡುವು ಹತ್ತಿರವಾದಾಗ 'ನೀವೇ ಮಾಡಿಬಿಡಿ, ಬೇಗ ಆಗುತ್ತೆ' ಎಂದು ನಮಗೆ ಹೇಳುವ ಅಧಿಕಾರಿಗಳಿಗೆ ಒಂದು ಮಾತು: ಆ ದಿನದ ಕೆಲಸ ಬೇಗ ಆಗುತ್ತದೆ, ನಿಜ. ಮುಂದಿನ ಸಲ ಆ ಕೆಲಸ ನೇರವಾಗಿ ನಮ್ಮ ಮೇಜಿಗೇ ಬರುತ್ತದೆ. ಒಂದು ವರ್ಷ ಕಳೆದರೆ ಸಹೋದ್ಯೋಗಿಯ ಬಳಿ ಕೆಲಸವಿಲ್ಲ, ಕಾರ್ಯಕ್ಷಮತೆಯ ವರದಿಯಲ್ಲಿ ಬರೆಯಲು ಏನೂ ಇಲ್ಲ, ಬಡ್ತಿ ತಪ್ಪುತ್ತದೆ. ಅದೇ ವರದಿಯ ಸಮಯದಲ್ಲಿ 'ನಿಜ ಹೇಳಿ, ಅವರೇ ಮಾಡುತ್ತಾರಾ?' ಎಂದು ನಮ್ಮನ್ನು ಕೇಳುವವರೂ ಇದ್ದಾರೆ. ಅದಕ್ಕೆ ನಾವು ಉತ್ತರ ಕೊಡುವುದಿಲ್ಲ. ಅವರ ಮೇಜಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಸಂಬಳದ ಚೀಟಿ, ವೈದ್ಯರ ವರದಿ, ದೂರಿನ ಪತ್ರ ಯಾವುದರ ಬಗ್ಗೆಯೂ ಕೊಡುವುದಿಲ್ಲ.

ದಿನದ ಕೆಲಸವನ್ನು ಸಹಾಯಕರಿಗೆ ಹೇಳುವವರು ಒಬ್ಬರೇ ಇರಬೇಕು, ಅದು ಆ ಸಹೋದ್ಯೋಗಿ. ಹಾಜರಿ, ರಜೆ, ಸಂಬಳ ಕಚೇರಿ ನೋಡಿಕೊಳ್ಳಲಿ. ಸುಮ್ಮನೆ ಕೂತಂತೆ ಕಾಣುವ ಹೊತ್ತಿನಲ್ಲಿ ಬೇರೆ ವಿಭಾಗದ ಕಾಗದ ಹೊರಲು ಕಳಿಸಿದರೆ, ಅವರಿಗೆ ಬೇಕಾದ ಐದು ನಿಮಿಷಕ್ಕೆ ನಾವು ಇರುವುದಿಲ್ಲ. ಗಟ್ಟಿಯಾಗಿ ಓದುವ ಕೆಲಸ ಇದ್ದ ದಿನ 45 ನಿಮಿಷಕ್ಕೊಮ್ಮೆ ಬಿಡುವು ಬೇಕು. ಗಂಟಲಿಗೆ ಮಾತ್ರವಲ್ಲ, ದಣಿದ ಓದುಗರು ಸಾಲು ಹಾರಿಸುತ್ತಾರೆ, ಹಾರಿಸಿದ್ದು ಅವರಿಗೇ ಗೊತ್ತಾಗುವುದಿಲ್ಲ. ಸಹಾಯಕರು ರಜೆ ಹಾಕಿದ ದಿನಕ್ಕೆ ಬದಲಿ ಯಾರು ಎಂದು ಮೊದಲೇ ಗೊತ್ತುಮಾಡಿ. ಬದಲಿಗೆ ಬಂದವರಿಗೆ ತಿಳಿಯಬೇಕಾದ ಎರಡು ಪುಟದ ಟಿಪ್ಪಣಿ ಸಹೋದ್ಯೋಗಿಯ ಬಳಿಯೇ ಇರಲಿ, ನಮ್ಮ ಬಳಿಯಲ್ಲ. ಬೆಂಕಿಯ ಗಂಟೆ ಹೊಡೆದಾಗ ಅವರ ಜೊತೆ ಮೆಟ್ಟಿಲಿಳಿಯುವ ಇಬ್ಬರ ಹೆಸರು ಪಟ್ಟಿಯಲ್ಲಿರಲಿ. ಸಹಾಯಕರೊಬ್ಬರನ್ನೇ ನಂಬಬೇಡಿ, ಆ ಹೊತ್ತಿಗೆ ನಾವು ಬೇರೆ ಮಹಡಿಯಲ್ಲಿರಬಹುದು. ಆ ದಾರಿಯಲ್ಲಿ ವರ್ಷಕ್ಕೆ ಎರಡು ಸಲವಾದರೂ ಅವರನ್ನು ನಡೆಸಿ ಅಭ್ಯಾಸ ಮಾಡಿಸಿ.

ಸಹಾಯಕರನ್ನು ಆರಿಸುವಾಗ ಸಹೋದ್ಯೋಗಿ ಆಯ್ಕೆ ಸಮಿತಿಯಲ್ಲಿರಬೇಕು. ಪದವಿ ನೋಡುವುದಕ್ಕಿಂತ, ಕೈಬರಹದ ಒಂದು ಪುಟ ಓದಿಸಿ, ಆರು ಕಾಲಂನ ಕೋಷ್ಟಕವೊಂದನ್ನು ಕೊಟ್ಟು ಎರಡು ನಿಮಿಷದಲ್ಲಿ ಮಾತಿನಲ್ಲೇ ವಿವರಿಸಲು ಹೇಳಿ. ಬೇಗ ಗೊತ್ತಾಗುತ್ತದೆ. 'ಅಲ್ಲಿ', 'ಇಲ್ಲಿ', 'ಈ ಕಡೆ' ಎಂದು ಬೆರಳು ತೋರಿಸುವವರಿಗೆ ತರಬೇತಿ ಬೇಕು. 'ಪಾಪ' ಎನ್ನುವವರಿಗೆ ತರಬೇತಿಯೂ ಹತ್ತುವುದಿಲ್ಲ.

ಇದು ನಿಮ್ಮ ಔದಾರ್ಯದ ಪ್ರಶ್ನೆಯೂ ಅಲ್ಲ. ವಿಶ್ವಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ಉದ್ಯೋಗದ ಸ್ಥಳದಲ್ಲಿ ಸೂಕ್ತ ಅನುಕೂಲ ಒದಗಿಸಬೇಕೆಂದು ಹೇಳುತ್ತದೆ. 2ನೇ ವಿಧಿ ಅದನ್ನು ನಿರಾಕರಿಸುವುದನ್ನು ತಾರತಮ್ಯವೆಂದೇ ಎಣಿಸುತ್ತದೆ. ಸಹಾಯಕರನ್ನು ಕೊಡುವುದು ಆ ಅನುಕೂಲಗಳಲ್ಲಿ ಒಂದು. ಓದಲಾಗುವ ಫೈಲು ಇನ್ನೊಂದು. ಒಂದನ್ನು ಕೊಟ್ಟು ಇನ್ನೊಂದರಿಂದ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ನಮ್ಮ ಕೋರಿಕೆ ಮೂರು. ನೇಮಕದ ಆದೇಶದ ಆ ಒಂದು ಸಾಲನ್ನು ತೆಗೆದು, ಸಹೋದ್ಯೋಗಿಯನ್ನು ಕೂರಿಸಿಕೊಂಡು, ಏನು ಮಾಡಬೇಕು ಏನು ಮಾಡಬಾರದು ಎಂದು ಒಂದು ಪುಟದಲ್ಲಿ ಬರೆಯಿರಿ. ಮುಂದಿನ ತಿಂಗಳಿನಿಂದ ಒಳಗಿನ ಯಾವ ಸುತ್ತೋಲೆಯನ್ನೂ ಬರೀ ಸ್ಕ್ಯಾನ್ ಪ್ರತಿಯಾಗಿ ಕಳಿಸಬೇಡಿ. ಪಾಸ್‌ವರ್ಡ್ ನಮ್ಮ ಬಳಿ ಇದ್ದರೆ ಇಂದೇ ಬದಲಿಸಲು ಹೇಳಿ. ಈ ಪತ್ರವನ್ನು ನಿಮ್ಮ ಸಿಬ್ಬಂದಿಗೆ ಹಂಚುವುದಾದರೆ ದಯವಿಟ್ಟು ಮುದ್ರಿಸಿ ಸ್ಕ್ಯಾನ್ ಮಾಡಿ ಹಂಚಬೇಡಿ.

ಇಂತಿ,
ದೃಷ್ಟಿದೋಷವಿರುವ ಸಹೋದ್ಯೋಗಿಗಳ ಜೊತೆ ಕೆಲಸ ಮಾಡುವ ಸಹಾಯಕರು